ಸ್ವಿಚ್ ಆಫ್ ಇದ್ರೂ ಪ್ಲಗ್ಗಲ್ಲಿ ಕರೆಂಟ್ ಯಾಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ಲಗ್ ಪಾಯಿಂಟ್ ಬಗ್ಗೆನೇ ಇದಾವೆ, ಅದಕ್ಕೆ ಬೇರೆ ಯಾವ್ದನ್ನೂ ತಗೊಳ್ಳದೆ ಸ್ವಿಚ್ಚು, ಅದರ ಪಕ್ಕದ ಸಾಕೆಟ್ಟು, ಇಷ್ಟನ್ನೇ ಹಿಡ್ಕೊಂಡು ಕೂತಿದೀನಿ. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಇದನ್ನ ಓದಿ ನೀವೇ ಸ್ಕ್ರೂಡ್ರೈವರ್ ಹಿಡ್ಕೊಂಡು ಬೋರ್ಡ್ ಬಿಚ್ಚಿ ಅಂತ ನಾನು ಬರೀತಿಲ್ಲ, ಕೆಲಸ ಪರ್ಮಿಟ್ ಇರೋ ವೈರ್‌ಮನ್ ಕೈಲೇ ಮಾಡಿಸಿ, ಆದ್ರೆ ಅವರು ಮಾಡೋವಾಗ ಪಕ್ಕದಲ್ಲಿ ನಿಂತು ನೋಡಿ, ಈ ವೈರ್ ಎಲ್ಲಿಗೆ ಹೋಯ್ತು ಅಂತ ಕೇಳೋ ಅಷ್ಟು ನಿಮಗೆ ಗೊತ್ತಿರಲೇಬೇಕು, ಯಾಕಂದ್ರೆ ಅವರು ಸಂಜೆ ಮನೆಗೆ ಹೋಗ್ತಾರೆ, ಆ ಬೋರ್ಡ್ ಜೊತೆ ಇಪ್ಪತ್ತು ವರ್ಷ ಬಾಳೋರು ನೀವು.

ಪ್ರಶ್ನೆ: ಸರ್, ನಮ್ಮದು ಮಾವನವರು ಕಟ್ಟಿಸಿದ ಹಳೇ ಮನೆ. ಅಡುಗೆಮನೇಲಿ ಮಿಕ್ಸಿ ಹಾಕೋ ಬೋರ್ಡಲ್ಲಿ ಸ್ವಿಚ್ ಆಫ್ ಮಾಡಿದ್ರೂ ಪ್ಲಗ್ ತೂತಿಗೆ ಟೆಸ್ಟರ್ ಇಟ್ರೆ ಕೆಂಪಗೆ ಉರಿಯುತ್ತೆ. ಮಿಕ್ಸಿ ಮಾತ್ರ ಸರಿಯಾಗೇ ಆನ್ ಆಫ್ ಆಗುತ್ತೆ. ನಮ್ಮನೆಯವ್ರು ಹಳೇ ಮನೇಲಿ ಅದೆಲ್ಲ ಇದ್ದದ್ದೇ ಬಿಡು ಅಂತಾರೆ. ಬಿಡಬಹುದಾ?
ಗೃಹಿಣಿ, ಹಾಸನ

ಉತ್ತರ: ಬಿಡಬೇಡಿ ಮೇಡಂ. ಟೆಸ್ಟರ್ ಇಟ್ಟು ನೋಡಿದ್ದು ಬಹಳ ಒಳ್ಳೇದಾಯ್ತು. ನಿಮ್ಮ ಬೋರ್ಡಲ್ಲಿ ಆಗಿರೋದು ಬಹುತೇಕ ಇದೇ, ಸ್ವಿಚ್ಚಿಗೆ ಫೇಸ್ ವೈರ್ (ಕರೆಂಟ್ ಹೊತ್ತು ತರೋದು) ಕೊಡೋ ಬದ್ಲು ನ್ಯೂಟ್ರಲ್ (ವಾಪಸ್ ಒಯ್ಯೋದು) ಕೊಟ್ಟಿದಾರೆ. ಮಿಕ್ಸಿ ತಿರುಗೋಕೆ ಫೇಸೂ ಬೇಕು ನ್ಯೂಟ್ರಲ್ಲೂ ಬೇಕು, ಎರಡರಲ್ಲಿ ಯಾವ್ದನ್ನ ಕಟ್ ಮಾಡಿದ್ರೂ ಮಿಕ್ಸಿ ನಿಲ್ಲುತ್ತೆ, ಅದಕ್ಕೇ ಇಂಥ ತಪ್ಪು ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಹಾಗೇ ನಡ್ಕೊಂಡು ಹೋಗುತ್ತೆ. ಆದ್ರೆ ನ್ಯೂಟ್ರಲ್ ಕಟ್ ಆಗಿದ್ರೂ ಫೇಸು ಸಾಕೆಟ್ಟಲ್ಲಿ ಕೂತೇ ಇರುತ್ತೆ, ಸಾಕೆಟ್ಟಿಂದ ಪಿನ್ನಿಗೆ, ಪಿನ್ನಿಂದ ವೈರಿಗೆ, ಅಲ್ಲಿಂದ ಮೋಟರ್ ಕಾಯಿಲ್ ತನಕ 230 ವೋಲ್ಟ್ ಬಂದು ನಿಂತಿರುತ್ತೆ. ಮಿಕ್ಸಿ ಸುಮ್ಮನಿದೆ ಅಂತ ನೀವು ಒದ್ದೆ ಬಟ್ಟೆ ತಗೊಂಡು ಚೆಲ್ಲಿರೋ ಚಟ್ನಿ ಒರೆಸ್ತೀರಿ, ಒಳಗೆ ಎಲ್ಲಾದ್ರೂ ಇನ್ಸುಲೇಷನ್ ಹೋಗಿದ್ರೆ ಮುಗೀತು.

ನಾನು ಕೆಲಸ ಕಲಿಯೋ ಟೈಮಲ್ಲಿ ಒಂದು ಮನೇಲಿ ಅಜ್ಜಿ ಒಬ್ರು ದೋಸೆಹಿಟ್ಟು ರುಬ್ಬಿ, ಗ್ರೈಂಡರ್ ಸ್ವಿಚ್ ಆಫ್ ಮಾಡಿ, ಕಲ್ಲು ಎತ್ತೋಕೆ ಹೋದ್ರು, ಹಿಂದಕ್ಕೆ ಎಸೆದ ಹಾಗೆ ಗೋಡೆಗೆ ಹೋಗಿ ಬಿದ್ರು. ಬದುಕಿದ್ರು, ಆದ್ರೆ ಮೊಣಕೈ ಮುರಿದಿತ್ತು. ಮೇಸ್ತ್ರಿ ಜೊತೆ ನಾನೂ ಹೋಗಿ ಬೋರ್ಡ್ ಬಿಚ್ಚಿದೆ. ಕೆಂಪು ವೈರು ಸ್ವಿಚ್ ಮುಟ್ಟದೇ ಸೀದಾ ಸಾಕೆಟ್ಟಿಗೆ ಹೋಗಿತ್ತು, ಕಪ್ಪು ವೈರು ಸ್ವಿಚ್ಚಲ್ಲಿ ಚೆನ್ನಾಗಿ ಟೈಟಾಗಿ ಕೂತಿತ್ತು, ನೀಟಾದ ಕೆಲಸ, ಒಂದು ಎಳೆ ಹೊರಗೆ ಇರಲಿಲ್ಲ. ಗ್ರೈಂಡರ್ ಒಳಗೆ ಹಿಟ್ಟಿನ ನೀರು ಇಳಿದು ಮೋಟರ್ ವೈರು ಬಾಡಿಗೆ ತಾಗಿತ್ತು, ಮನೆಗೆ ಅರ್ಥಿಂಗ್, ಅಂದ್ರೆ ಲೀಕ್ ಆದ ಕರೆಂಟನ್ನ ನೆಲಕ್ಕೆ ಇಳಿಸೋ ವೈರು, ಇರಲಿಲ್ಲ. ಅವತ್ತಿಂದ ಇವತ್ತಿನ ತನಕ ನಾನು ಯಾವ ಮನೆಗೆ ಹೋದ್ರೂ ಮೊದಲು ನೋಡೋದು ಸ್ವಿಚ್ಚಿಗೆ ಹೋಗಿರೋ ವೈರ್ ಯಾವ್ದು ಅಂತ.

ಸರಿಯಾದ ಕ್ರಮ ಹೇಳ್ತೀನಿ, ವೈರ್‌ಮನ್ ಬಂದಾಗ ಇದನ್ನೇ ನೋಡಿ. ನಮ್ಮಲ್ಲಿ ಮನೆಗಳಲ್ಲಿ ಕೆಂಪು ಫೇಸು, ಮೂರು ಫೇಸ್ ಇರೋ ಮನೆ ಆದ್ರೆ ಹಳದಿ ನೀಲಿನೂ ಫೇಸೇ, ಕಪ್ಪು ನ್ಯೂಟ್ರಲ್ಲು, ಹಸಿರು ಅರ್ಥು. ಫೇಸ್ ವೈರ್ ಮೊದಲು ಸ್ವಿಚ್ಚಿನ ಒಂದು ಸ್ಕ್ರೂಗೆ ಬರಬೇಕು, ಸ್ವಿಚ್ಚಿನ ಇನ್ನೊಂದು ಸ್ಕ್ರೂಯಿಂದ ಒಂದು ತುಂಡು ಕೆಂಪು ವೈರು ಸಾಕೆಟ್ಟಲ್ಲಿ ಎಲ್ ಅಂತ ಬರೆದಿರೋ ಕಡೆ ಹೋಗಬೇಕು. ಕಪ್ಪು ಸೀದಾ ಎನ್ ಅಂತ ಇರೋ ಕಡೆ. ಹಸಿರು ಸೀದಾ ಮೇಲಿನ ದಪ್ಪ ತೂತಿನ ಸ್ಕ್ರೂಗೆ, ಅದರ ದಾರೀಲಿ ಯಾವ ಸ್ವಿಚ್ಚೂ ಬರಬಾರದು. ಎದುರಿಂದ ನೋಡಿದ್ರೆ ದಪ್ಪ ತೂತು ಮೇಲಿದ್ದಾಗ ಬಲಗಡೆ ಫೇಸು, ಎಡಗಡೆ ನ್ಯೂಟ್ರಲ್ಲು. ಪ್ಲೇಟ್ ಕಳಚಿ ಹಿಂದಿನಿಂದ ನೋಡೋವಾಗ ಎಡ ಬಲ ಉಲ್ಟಾ ಆಗುತ್ತೆ, ಹೊಸ ಹುಡುಗ್ರು ಎಡವೋದು ಇಲ್ಲೇ, ಅದಕ್ಕೆ ಬಲ ಎಡ ನೆನಪಿಟ್ಕೊಳ್ಳೋದಕ್ಕಿಂತ ಸಾಕೆಟ್ ಬೆನ್ನ ಮೇಲೆ ಅಚ್ಚು ಹಾಕಿರೋ ಅಕ್ಷರ ನೋಡಿ ಕೊಡೋದೇ ಒಳ್ಳೇದು.

ಇನ್ನೊಂದು ಸಾಧ್ಯತೆನೂ ಇದೆ. ಟೆಸ್ಟರ್ ಬಹಳ ಮಂದವಾಗಿ ಮಿಣಮಿಣ ಅಂತ ಉರೀತಿದ್ರೆ ಪೈಪಲ್ಲಿ ಪಕ್ಕಪಕ್ಕ ಓಡೋ ವೈರಿಂದ ಹಾಯ್ದು ಬಂದ ಸಣ್ಣ ವೋಲ್ಟೇಜ್ ಆಗಿರಬಹುದು, ಅದು ಅಷ್ಟು ಗಾಬರಿ ಪಡೋದಲ್ಲ. ನೀವು ಕೆಂಪಗೆ ಅಂತ ಬರೆದಿದೀರಿ, ಹಾಗಾಗಿ ಮೊದಲನೇದೇ ಇರಬೇಕು. ಮಲ್ಟಿಮೀಟರಲ್ಲಿ ಅಥವಾ ಟೆಸ್ಟ್ ಲ್ಯಾಂಪಲ್ಲಿ ವೈರ್‌ಮನ್ ಎರಡೇ ನಿಮಿಷದಲ್ಲಿ ಹೇಳ್ತಾರೆ. ಅಲ್ಲಿ ತನಕ ಮಿಕ್ಸಿ ಕೆಲಸ ಆದ ತಕ್ಷಣ ಕೈ ಒಣಗಿಸ್ಕೊಂಡು ಪಿನ್ನನ್ನೇ ಕಿತ್ತು ಇಡಿ. ಒಂದು ಬೋರ್ಡಲ್ಲಿ ಹೀಗಿದ್ರೆ ಅದೇ ಕೈ ಮಾಡಿದ ಬೇರೆ ಬೋರ್ಡಲ್ಲೂ ಇರುತ್ತೆ, ಮನೆ ಪೂರ್ತಿ ನೋಡಿಸಿ.

ಪ್ರಶ್ನೆ: ಅಡುಗೆಮನೇಲಿ ಲೈಟು ಫ್ಯಾನಿನ ಬೋರ್ಡಲ್ಲಿ ಒಂದು ಚಿಕ್ಕ ಪ್ಲಗ್ ಇದೆ ಸರ್. ಇಂಡಕ್ಷನ್ ಸ್ಟವ್ ತಂದಿದೀವಿ, ಅದರ ಪಿನ್ನು ದಪ್ಪ. ಅಂಗಡೀಲಿ ಕನ್ವರ್ಟರ್ ಕೊಟ್ಟಿದಾರೆ. ನಮ್ಮ ಪಕ್ಕದ ಮನೆ ಅಣ್ಣ ಚಿಕ್ಕ ಸಾಕೆಟ್ ತೆಗೆದು ದೊಡ್ಡದು ಕೂರಿಸಿದ್ರೆ ಆಯ್ತಲ್ಲ, ಅದೇ ವೈರು ಸಾಕು ಅಂತಾರೆ. ಮಾಡ್ಲಾ?
ಕಾಲೇಜು ವಿದ್ಯಾರ್ಥಿ, ದಾವಣಗೆರೆ

ಉತ್ತರ: ಎರಡೂ ಬೇಡಪ್ಪ. ಪಿನ್ನು ದಪ್ಪ ಮಾಡಿರೋದೇ ಅದು ಆ ಚಿಕ್ಕ ತೂತಿಗೆ ಹೋಗಬಾರದು ಅಂತ. ಲೆಕ್ಕ ಹಾಕು, ಚಿಕ್ಕ ಸಾಕೆಟ್ 6 ಆಂಪಿಯರ್, 230 ರಿಂದ ಗುಣಿಸಿದ್ರೆ 1380 ವ್ಯಾಟ್. ದೊಡ್ಡದು 16 ಆಂಪಿಯರ್, ಅಂದ್ರೆ 3680 ವ್ಯಾಟ್. ನಿನ್ನ ಇಂಡಕ್ಷನ್ 2000 ವ್ಯಾಟ್ ಇದ್ರೆ ಫುಲ್ ಇಟ್ಟಾಗ ಸುಮಾರು 8.7 ಆಂಪಿಯರ್ ಎಳೆಯುತ್ತೆ. ಸಾಕೆಟ್ ದೊಡ್ಡದು ಹಾಕಿದ್ರೆ ಸಾಕೆಟ್ ತಡ್ಕೊಳ್ಳುತ್ತೆ, ಆದ್ರೆ ಗೋಡೆ ಒಳಗೆ ಪೈಪಲ್ಲಿ ಇರೋ ವೈರು ಅದೇ ಲೈಟಿನ ವೈರು, 1 ಅಥವಾ 1.5 ಸ್ಕ್ವೇರ್ ಎಂಎಂ, ಜೊತೆಗೆ ಅದೇ ವೈರಲ್ಲಿ ಬೇರೆ ರೂಮಿನ ಲೈಟು ಫ್ಯಾನು ಎಲ್ಲ ಲೂಪ್ ಆಗಿರುತ್ತೆ. ಎಂಸಿಬಿ, ಅಂದ್ರೆ ಲೋಡ್ ಜಾಸ್ತಿ ಆದ್ರೆ ತಾನೇ ಆಫ್ ಆಗೋ ಸ್ವಿಚ್ಚು, ಟ್ರಿಪ್ ಆಗೋಕೆ ಶುರುವಾಗುತ್ತೆ, ಆಮೇಲೆ ಅದೇ ಪಕ್ಕದ ಮನೆ ಅಣ್ಣ ಬಂದು 10 ಆಂಪಿಯರ್ ಎಂಸಿಬಿ ತೆಗೆದು 20 ಹಾಕು ಸರಿಹೋಗುತ್ತೆ ಅಂತಾರೆ, ನಾನು ನೋಡಿರೋ ಸುಟ್ಟ ಮನೆ ವೈರಿಂಗಲ್ಲಿ ಕಥೆ ಹೀಗೇ ಶುರುವಾಗಿರೋದು ಜಾಸ್ತಿ. ಎಂಸಿಬಿ ಇರೋದು ವೈರ್ ಬೆಂದು ಹೋಗದ ಹಾಗೆ ಕಾಯೋಕೆ, ಅದನ್ನ ದೊಡ್ಡದು ಮಾಡಿದ್ರೆ ಕಾವಲಿಗೆ ಇದ್ದವನನ್ನ ಮನೆಗೆ ಕಳಿಸಿದ ಹಾಗೆ.

ಪವರ್ ಪ್ಲಗ್ ಬೇಕಂದ್ರೆ ಡಿಬಿಯಿಂದಲೇ (ಎಂಸಿಬಿಗಳೆಲ್ಲ ಇರೋ ಪೆಟ್ಟಿಗೆ) ಬೇರೆ ಲೈನ್ ಎಳೆಸಬೇಕು, 2.5 ಸ್ಕ್ವೇರ್ ಎಂಎಂ ತಾಮ್ರದ ವೈರು, ಫೇಸ್ ನ್ಯೂಟ್ರಲ್ ಎರಡೂ ಅದೇ ಸೈಜು, ಅರ್ಥ್ ವೈರೂ ಜೊತೆಗೇ, ಅದಕ್ಕೆ ಅದರದ್ದೇ 16 ಆಂಪಿಯರ್ ಎಂಸಿಬಿ, ಈ ಕಡೆ 16 ಆಂಪಿಯರ್ ಸ್ವಿಚ್ಚು ಮತ್ತೆ ಸಾಕೆಟ್ಟು. ಸಾಕೆಟ್ 16 ತಂದು ಸ್ವಿಚ್ ಮಾತ್ರ 6 ಆಂಪಿಯರಿಂದು ಹಾಕೋರು ಇದಾರೆ, ನೋಡೋಕೆ ಒಂದೇ ಥರ ಇರುತ್ತೆ ಅಂತ, ಹಿಂದೆ ಬರೆದಿರೋದನ್ನ ಓದಿ ತಗೊಳ್ಳಬೇಕು, ಐಎಸ್ಐ ಗುರುತು ಇರಬೇಕು.

ಸ್ಕ್ರೂ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಪ್ಲಗ್ ಸುಡೋದು ಹೆಚ್ಚಾಗಿ ಲೂಸ್ ಆಗಿರೋ ಜಾಗದಲ್ಲೇ. 9 ಆಂಪಿಯರ್ ಹರೀತಿರೋ ಜಾಗದಲ್ಲಿ ಸ್ಕ್ರೂ ಸಡಿಲ ಆಗಿ ಅರ್ಧ ಓಂ ರೆಸಿಸ್ಟೆನ್ಸ್ ಬಂದ್ರೂ ಅಲ್ಲಿ 40 ವ್ಯಾಟ್ ಶಾಖ ಹುಟ್ಟುತ್ತೆ, 40 ವ್ಯಾಟಿನ ಹಳೇ ಬಲ್ಬು ಎಷ್ಟು ಬಿಸಿ ಆಗ್ತಿತ್ತು ಅಂತ ಮನೇಲಿ ದೊಡ್ಡವರನ್ನ ಕೇಳು, ಅಷ್ಟು ಬಿಸಿ ಒಂದು ಕಡಲೆಕಾಳಿನ ಜಾಗದಲ್ಲಿ. ಮೊದಲು ಪಿನ್ನಿನ ಬುಡ ಕಂದು ಬಣ್ಣಕ್ಕೆ ತಿರುಗುತ್ತೆ, ಆಮೇಲೆ ಮೀನಿನ ಥರ ಒಂದು ವಾಸನೆ ಬರುತ್ತೆ, ಆಮೇಲೆ ಸಾಕೆಟ್ ಕರಗುತ್ತೆ. ವೈರ್ ತುದಿಯ ಎಳೆಗಳನ್ನ ಒಂದೂ ಕತ್ತರಿಸದೆ ಬಿಗಿಯಾಗಿ ಹುರಿ ಮಾಡಿ, ಮಡಚಿ ಡಬಲ್ ಮಾಡಿ ತೂರಿಸಿ, ಸ್ಕ್ರೂ ಟೈಟ್ ಮಾಡಿದ ಮೇಲೆ ಒಂದ್ಸಲ ಎಳೆದು ನೋಡಬೇಕು. ಆ ಎಳೆದು ನೋಡೋದನ್ನ ಮಾಡೋ ವೈರ್‌ಮನ್ ಸಿಕ್ಕಿದ್ರೆ ಅವರ ನಂಬರ್ ಬರೆದಿಟ್ಕೋ. ಕನ್ವರ್ಟರ್ ಅಂಗಡಿಗೆ ವಾಪಸ್ ಕೊಡು.

ಪ್ರಶ್ನೆ: ಬೆಡ್‌ರೂಮ್ ಬೋರ್ಡಲ್ಲಿ ಒಂದು ಸ್ವಿಚ್ ಹಾಳಾಗಿತ್ತು. ಮೈನ್ ಆಫ್ ಮಾಡಿಯೇ ಬಿಚ್ಚಿದ್ದೆ ಸರ್, ಆದ್ರೂ ಜೋರಾಗಿ ಶಾಕ್ ಹೊಡೀತು. ಮೈನ್ ಆಫ್ ಇದ್ದಾಗ ಕರೆಂಟ್ ಎಲ್ಲಿಂದ ಬಂತು?
ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಉತ್ತರ: ನಿಮ್ಮ ಮನೇಲಿ ಯುಪಿಎಸ್ ಇದೆ ಅಲ್ವಾ ಸರ್? ಪತ್ರದಲ್ಲಿ ಬರೆದಿಲ್ಲ, ಆದ್ರೆ ಇದ್ದೇ ಇರಬೇಕು. ನೀವು ಮೈನ್ ಆಫ್ ಮಾಡಿದ್ದು ಯುಪಿಎಸ್‌ಗೆ ಕರೆಂಟ್ ಹೋದ ಹಾಗೇ ಕಾಣ್ಸುತ್ತೆ, ಅದು ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಬ್ಯಾಟರಿಯಿಂದ 230 ವೋಲ್ಟ್ ಮಾಡಿ ತನಗೆ ಸೇರಿರೋ ಎಲ್ಲಾ ಪಾಯಿಂಟಿಗೂ ಕಳಿಸುತ್ತೆ. ಬೆಡ್‌ರೂಮಲ್ಲಿ ಸಾಮಾನ್ಯವಾಗಿ ಒಂದು ಲೈಟು, ಒಂದು ಫ್ಯಾನು, ಮೊಬೈಲ್ ಚಾರ್ಜಿಗೆ ಒಂದು ಪ್ಲಗ್ಗು ಯುಪಿಎಸ್ ಲೈನಲ್ಲಿ ಇರುತ್ತೆ, ಅದೇ ಬೋರ್ಡಲ್ಲಿ ಉಳಿದದ್ದು ಮೈನ್ ಲೈನಲ್ಲಿ. ಒಂದೇ ಪ್ಲೇಟ್ ಹಿಂದೆ ಎರಡು ಕಡೆಯ ಫೇಸು.

ಯುಪಿಎಸ್ ಮುಂದಿರೋ ಬಟನ್ ಒಂದನ್ನೇ ಒತ್ತಿದ್ರೂ ಸಾಲದು, ಬಹಳ ಮಾಡೆಲಲ್ಲಿ ಅದು ಬ್ಯಾಟರಿ ಬ್ಯಾಕಪ್ಪನ್ನ ಮಾತ್ರ ನಿಲ್ಲಿಸುತ್ತೆ, ಮೈನ್ ಇದ್ರೆ ಅದರ ಮೂಲಕ ಕರೆಂಟ್ ಹಾಯ್ದು ಹೋಗ್ತಾನೇ ಇರುತ್ತೆ. ಮೈನೂ ಆಫ್ ಆಗಬೇಕು, ಯುಪಿಎಸ್ಸೂ ಆಫ್ ಆಗಬೇಕು, ಎರಡೂ. ಆಫ್ ಮಾಡೋಕೆ ಮುಂಚೆ ಟೆಸ್ಟರ್ ತಗೊಂಡು ಕರೆಂಟ್ ಇರೋದು ಗೊತ್ತಿರೋ ಕಡೆ ಇಟ್ಟು ಅದು ಉರಿಯುತ್ತಾ ಅಂತ ನೋಡಿ, ಆಮೇಲೆ ಆಫ್ ಮಾಡಿ ಬೋರ್ಡಿನ ಒಂದೊಂದು ಸ್ಕ್ರೂಗೂ ಇಟ್ಟು ನೋಡ್ಬೇಕು. ಎಲ್ಲಾ ಆಫ್ ಮಾಡಿದ ಮೇಲೆ ಹಾಳಾದ ಟೆಸ್ಟರ್ ಇಟ್ಟು ಕರೆಂಟ್ ಇಲ್ಲ ಅಂದ್ಕೊಂಡು ಕೈ ಹಾಕಿದೋರನ್ನ ನಾನು ನೋಡಿದೀನಿ. ಮೈನ್ ಹತ್ರ ಮನೆಯವರೊಬ್ಬರನ್ನ ನಿಲ್ಲಿಸಿ ಅಥವಾ ಒಂದು ಚೀಟಿ ಅಂಟಿಸಿ, ಕತ್ತಲಾಯ್ತು ಅಂತ ಮೊಮ್ಮಗ ಹೋಗಿ ಆನ್ ಮಾಡ್ಬಿಡ್ತಾನೆ. ನಿಮ್ಮ ವಯಸ್ಸಲ್ಲಿ ಶಾಕ್ ಹೊಡೆದಿದೆ ಅಂದ್ರಿ, ಏನೂ ಆಗಿಲ್ಲ ಅನ್ನಿಸಿದ್ರೂ ಡಾಕ್ಟರ್ ಹತ್ರ ಹೋಗಿ ಒಂದು ಇಸಿಜಿ ಮಾಡಿಸ್ಕೊಳ್ಳಿ ಸರ್, ಮರೀಬೇಡಿ.

ಪ್ರಶ್ನೆ: ನಮ್ಮ ಮನ್ಯಾಗ ಫ್ರಿಜ್ ಮುಟ್ಟಿದ್ರ ಜುಂ ಅಂತೈತ್ರಿ. ಲೈನ್ ಕೆಲಸ ಮಾಡಾವ್ರನ್ನ ಕರಸಿದ್ವಿ, ಅವರು ಪ್ಲಗ್ ಒಳಗ ಏನೋ ಒಂದು ವೈರ್ ತುಂಡು ಹಾಕಿದ್ರು, ಈಗ ಜುಂ ಅನ್ನಂಗಿಲ್ಲ. ಆದ್ರ ಹೊಸದಾಗಿ ಹಾಕ್ಸಿದ್ದ ಆರ್‌ಸಿಸಿಬಿ (ಲೀಕೇಜ್ ಆದ್ರ ಕರೆಂಟ್ ಕಟ್ ಮಾಡೋ ಸ್ವಿಚ್) ಮ್ಯಾಲಿಂದ ಮ್ಯಾಲೆ ಬೀಳಾಕತ್ತು, ಅದು ನಿಮ್ಮ ಮನಿಗೆ ಸೂಟ್ ಆಗಂಗಿಲ್ಲ ಅಂತ ಅದನ್ನೂ ತಗದ್ರು. ಈಗ ಎಲ್ಲಾ ಆರಾಮ ಐತಿ. ಹಿಂಗ ಬಿಡಬಹುದೇನ್ರಿ?
ರೈತರು, ಗದಗ ಜಿಲ್ಲೆ

ಉತ್ತರ: ಅಣ್ಣಾರ, ಇದನ್ನ ಓದಿದ ದಿನಾನೇ ಆ ಫ್ರಿಜ್ ಪಿನ್ ಕಿತ್ತು ಇಡಿ. ಈ ತಿಂಗಳು ಬಂದ ಪತ್ರಗಳಲ್ಲಿ ನನಗೆ ನಿದ್ದೆ ಬರದ ಹಾಗೆ ಮಾಡಿದ್ದು ನಿಮ್ಮದು. ಅವರು ಹಾಕಿರೋ ವೈರ್ ತುಂಡು ನ್ಯೂಟ್ರಲ್ ಸ್ಕ್ರೂಯಿಂದ ಅರ್ಥ್ ಸ್ಕ್ರೂಗೆ ಹೋಗಿರುತ್ತೆ. ಅಂದ್ರೆ ಫ್ರಿಜ್ಜಿನ ಬಾಡಿಯನ್ನ ನ್ಯೂಟ್ರಲ್ಲಿಗೆ ಕಟ್ಟಿದ ಹಾಗಾಯ್ತು. ನ್ಯೂಟ್ರಲ್ ಸರಿ ಇರೋ ತನಕ ಅಲ್ಲಿ ವೋಲ್ಟೇಜ್ ಹೆಚ್ಚುಕಮ್ಮಿ ಸೊನ್ನೆ, ಅದಕ್ಕೇ ಜುಂ ಅನ್ನೋದು ನಿಂತಿದೆ. ಆದ್ರೆ ಗಾಳಿಮಳೆಗೆ ಕಂಬದಲ್ಲೋ ಮೀಟರ್ ಹತ್ರಾನೋ ನ್ಯೂಟ್ರಲ್ ವೈರ್ ಕಿತ್ತೋಗುತ್ತೆ ಅಥವಾ ಸಡಿಲ ಆಗುತ್ತೆ ಅಂದ್ಕೊಳ್ಳಿ, ಆವಾಗ ಫೇಸು ಮನೇಲಿ ಆನ್ ಇರೋ ಬಲ್ಬಿನ ಮೂಲಕ, ಫ್ಯಾನಿನ ಮೂಲಕ ಹಾಯ್ದು ಅದೇ ನ್ಯೂಟ್ರಲ್ ವೈರಿಗೆ ಬಂದು, ಆ ತುಂಡು ವೈರಿಂದ ಫ್ರಿಜ್ಜಿನ ಬಾಡಿಗೆ ಬರುತ್ತೆ. ಲೈಟ್ ಹೋಯ್ತು ಅಂತ ಕತ್ತಲಲ್ಲಿ ತಡಕಾಡ್ಕೊಂಡು ನೀವು ಫ್ರಿಜ್ ಬಾಗಿಲು ಹಿಡೀತೀರಿ. ಕಂಬದಲ್ಲಿ ರಿಪೇರಿ ಆದಾಗ ಫೇಸು ನ್ಯೂಟ್ರಲ್ ಅದಲುಬದಲಾದ್ರೆ ಇನ್ನೂ ಕೆಟ್ಟದ್ದು, ಪೂರಾ 230 ವೋಲ್ಟ್ ಸೀದಾ ಬಾಡಿಗೆ. ಒದ್ದೆ ಕೈ, ಬರಿಗಾಲು ಇದ್ರೆ ಮೈಯ ರೆಸಿಸ್ಟೆನ್ಸ್ ಸುಮಾರು 1000 ಓಂ ಅಂತ ಹಿಡಿದ್ರೂ 230 ಮಿಲಿ ಆಂಪಿಯರ್ ಮೈಯಲ್ಲಿ ಹರಿಯುತ್ತೆ. ಆರ್‌ಸಿಸಿಬಿ 30ಕ್ಕೇ ಬೀಳೋ ಹಾಗೆ ಮಾಡಿರೋದು ಯಾಕೆ ಅಂತ ಇದರಲ್ಲೇ ಗೊತ್ತಾಗುತ್ತೆ.

ಆ ಆರ್‌ಸಿಸಿಬಿ ನಿಮ್ಮ ಮನೆಗೆ ಸೂಟ್ ಆಗದೆ ಇದ್ದದ್ದಲ್ಲ. ಅದು ಫೇಸಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್ಲಲ್ಲಿ ವಾಪಸ್ ಬಂತಾ ಅಂತ ನೋಡ್ತಾ ಇರುತ್ತೆ, 30 ಮಿಲಿ ಆಂಪಿಯರ್ ವ್ಯತ್ಯಾಸ ಬರೋದ್ರೊಳಗೆ ಕಟ್ ಮಾಡುತ್ತೆ. ನ್ಯೂಟ್ರಲ್ಲಿಗೂ ಅರ್ಥಿಗೂ ಮನೆ ಒಳಗೆ ಸಂಪರ್ಕ ಕೊಟ್ರೆ ವಾಪಸ್ ಬರೋ ಕರೆಂಟು ಎರಡು ದಾರಿ ಹಿಡಿಯುತ್ತೆ, ಲೆಕ್ಕ ತಪ್ಪುತ್ತೆ, ಬೀಳುತ್ತೆ. ಅದು ಪ್ರತಿ ಸಲ ಬಿದ್ದಾಗಲೂ ಆ ತುಂಡು ವೈರ್ ಬಗ್ಗೆನೇ ನಿಮಗೆ ಹೇಳ್ತಿತ್ತು.

ಮಾಡಬೇಕಾದ್ದು ನಿಜವಾದ ಅರ್ಥಿಂಗು. ಎರಡೂವರೆ ಮೀಟರಿಗೆ ಕಮ್ಮಿ ಇಲ್ಲದ ಜಿಐ ಪೈಪು, ಗುಂಡಿ ತೋಡಿ ಇದ್ದಲು ಉಪ್ಪು ಪದರ ಪದರವಾಗಿ ತುಂಬಿ ಹೂಳೋದು ನಮ್ಮಲ್ಲಿ ಮೊದಲಿಂದ ನಡ್ಕೊಂಡು ಬಂದಿರೋ ಪದ್ಧತಿ. ನಿಮ್ಮ ಕಡೆ ಎರೆ ಮಣ್ಣು, ಮಳೆಗಾಲದಲ್ಲಿ ನೀರು ಹಿಡ್ಕೊಳ್ಳುತ್ತೆ ಆದ್ರೆ ಬೇಸಿಗೇಲಿ ಬಿರುಕು ಬಿಟ್ಟು ಪೈಪಿಂದ ದೂರ ಸರಿಯುತ್ತೆ, ಹಾಗಾಗಿ ಯುಗಾದಿ ಆಸುಪಾಸಿಂದ ವಾರಕ್ಕೊಂದು ಸಲ ಎರಡು ಕೊಡ ನೀರು ಹಾಕ್ತಾ ಬನ್ನಿ. ಉಪ್ಪು ಕಬ್ಬಿಣವನ್ನ ತಿನ್ನುತ್ತೆ, ನಟ್ಟು ಬೋಲ್ಟು ತುಕ್ಕು ಹಿಡಿದಿದ್ಯಾ ಅಂತ ವರ್ಷಕ್ಕೊಮ್ಮೆ ನೋಡಿಸಿ. ಇನ್ನೊಂದು, ಗುಂಡಿ ಇರುತ್ತೆ, ತಂತಿ ಮೀಟರ್ ಬೋರ್ಡ್ ತನಕ ಬಂದು ಅಲ್ಲೇ ನಿಂತಿರುತ್ತೆ, ಮನೆ ಒಳಗಿನ ಒಂದು ಸಾಕೆಟ್ಟಿಗೂ ಹಸಿರು ವೈರ್ ಹೋಗಿರಲ್ಲ, ಇಂಥ ಮನೆಗಳು ಲೆಕ್ಕ ಇಲ್ಲದಷ್ಟು ಇದಾವೆ. ಪ್ರತಿ ಪ್ಲಗ್ಗಿನ ದಪ್ಪ ತೂತಿಗೆ ಹಸಿರು ವೈರ್ ತಲುಪಬೇಕು. ಚೆಕ್ ಮಾಡೋವಾಗ ಫೇಸಿಗೂ ಅರ್ಥಿಗೂ ಬಲ್ಬ್ ಹಾಕಿ ಉರೀತು ನೋಡಿ ಅಂತ ತೋರಿಸ್ತಾರೆ, ಆ ತುಂಡು ವೈರ್ ಇದ್ರೆ ನ್ಯೂಟ್ರಲ್ ಮೇಲೆನೂ ಬಲ್ಬು ಅಷ್ಟೇ ಚೆನ್ನಾಗಿ ಉರಿಯುತ್ತೆ. ಅದಕ್ಕೇ ಸಾಕೆಟ್ ಬಿಚ್ಚಿಸಿ ಕಣ್ಣಾರೆ ನೋಡಿ, ಗುಂಡಿಯನ್ನ ಅರ್ಥ್ ಟೆಸ್ಟರಲ್ಲಿ ಅಳೆಸಿ. ಇಷ್ಟಾದ ಮೇಲೆ ಅದೇ ಆರ್‌ಸಿಸಿಬಿ ವಾಪಸ್ ಹಾಕ್ಸಿ, ಅದರ ಮೇಲೆ ಟೆಸ್ಟ್ ಬಟನ್ ಇದೆ, ತಿಂಗಳಿಗೊಂದ್ಸಲ ಒತ್ತಿ, ಬೀಳಬೇಕು. ಆಮೇಲೂ ಬೀಳ್ತಾ ಇದ್ರೆ ಫ್ರಿಜ್ಜಲ್ಲೇ ಲೀಕೇಜ್ ಇರಬಹುದು, ಮೊದಲು ಜುಂ ಅಂದಿದ್ದೂ ಅದಕ್ಕೇ ಇರಬಹುದು, ಹಾಗಿದ್ರೆ ರಿಪೇರಿ ಫ್ರಿಜ್ಜಿಗೆ ಮಾಡಿಸಿ. ಕಂಬದಲ್ಲಿ ತೊಂದ್ರೆ ಅನ್ನಿಸಿದ್ರೆ ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಊರಿನ ಹುಡುಗರನ್ನ ಕಂಬ ಹತ್ತಿಸಬೇಡಿ.

ಪ್ರಶ್ನೆ: ನಮ್ಮಲ್ಲಿ ಗೀಸರಿನ ಸ್ವಿಚ್ಚು ಪ್ಲಗ್ಗು ಎರಡೂ ಬಚ್ಚಲುಕೋಣೆಯ ಒಳಗೇ ಉಂಟು, ಶವರಿನಿಂದ ಎರಡು ಅಡಿ ದೂರ. ತೊಂದರೆ ಉಂಟಾ?
ಓದುಗರು, ಪುತ್ತೂರು

ಉತ್ತರ: ಸ್ವಿಚ್ಚು ಹೊರಗೆ ಬರಲೇಬೇಕು. ಬಾಗಿಲ ಹೊರಗೆ ಒಣಗಿದ ಗೋಡೆ ಮೇಲೆ ಡಬಲ್ ಪೋಲ್ ಸ್ವಿಚ್ಚು, ಅಂಗಡೀಲಿ ಡಿಪಿ ಸ್ವಿಚ್ ಅಂದ್ರೆ ಕೊಡ್ತಾರೆ, ಅದು ಫೇಸು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಟ್ ಮಾಡುತ್ತೆ, ಜೊತೆಗೆ ಇಂಡಿಕೇಟರ್ ಲೈಟ್ ಇರೋದು ತಗೊಳ್ಳಿ. ಒಳಗಿನ ಸಾಕೆಟ್ಟು ನೀರು ಎರಚದಷ್ಟು ಎತ್ತರಕ್ಕೆ, ಗೀಸರ್ ಪಕ್ಕಕ್ಕೇ ಹೋಗಲಿ. ಗೀಸರಿಗೆ ಬೇರೆಯದೇ ಲೈನು, 4 ಸ್ಕ್ವೇರ್ ಎಂಎಂ ವೈರ್ ಹಾಕಿಸಿದ್ರೆ ನೆಮ್ಮದಿ, ಮತ್ತೆ ಆ ಲೈನ್ ಆರ್‌ಸಿಸಿಬಿ ಕೆಳಗೆ ಬರಲಿ. ನಿಮ್ಮ ಕಡೆ ಮಳೆಗಾಲದ ನಾಲ್ಕು ತಿಂಗಳು ಗೋಡೆನೇ ಬೆವರುತ್ತೆ, ಬಚ್ಚಲ ಗೋಡೆಯ ಸ್ವಿಚ್ಚಿನ ಒಳಗೂ ನೀರು ಕಟ್ಟುತ್ತೆ. ಬಕೆಟಿಗೆ ರಾಡ್ ಇಟ್ಟು ನೀರು ಕಾಯಿಸೋರು ಈಗ್ಲೂ ಇದಾರೆ, ಅವರಿಗೆ ಒಂದೇ ಮಾತು, ಬಿಸಿ ಆಯ್ತಾ ಅಂತ ಬೆರಳು ಅದ್ದೋಕೆ ಮುಂಚೆ ಸ್ವಿಚ್ ಆಫ್ ಮಾಡಿ, ಪಿನ್ ಕೀಳಿ, ರಾಡ್ ಹೊರಗೆ ತೆಗೀರಿ, ಆಮೇಲೆ ಕೈ.

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಗೆ ಬಂದು ಆರು ತಿಂಗಳಾಯ್ತು. ಇಲ್ಲಿ ಪ್ಲಗ್ ಪಕ್ಕ ಸ್ವಿಚ್ಚೇ ಇರಲ್ಲ. ಹಾಲಲ್ಲಿ ಮಾತ್ರ ಬಾಗಿಲ ಹತ್ರ ಒಂದು ಸ್ವಿಚ್ಚಿದೆ, ಅದು ಯಾವ ಲೈಟಿಗೂ ಅಲ್ಲ, ಆಫ್ ಮಾಡಿದ್ರೆ ಗೋಡೆಯ ಒಂದು ಪ್ಲಗ್ಗಿನ ಮೇಲಿನ ಅರ್ಧ ಆಫ್ ಆಗುತ್ತೆ, ಕೆಳಗಿನರ್ಧ ಕೆಲಸ ಮಾಡುತ್ತೆ. ಆ ಪ್ಲಗ್ ಸಡಿಲ ಆಗಿತ್ತು, ನಾನೇ ಹೊಸದು ತಂದು ಹಾಕಿದೆ, ಈಗ ಎರಡೂ ಯಾವಾಗ್ಲೂ ಆನ್, ಸ್ವಿಚ್ ಕೆಲಸಾನೇ ಮಾಡ್ತಿಲ್ಲ. ಏನ್ ತಪ್ಪಾಯ್ತು?
ಸಾಫ್ಟ್‌ವೇರ್ ಉದ್ಯೋಗಿ

ಉತ್ತರ: ಅಲ್ಲಿ ಹಾಲಿಗೆ ಸೀಲಿಂಗ್ ಲೈಟ್ ಕೊಡದೇ ಇರೋ ಮನೆಗಳಲ್ಲಿ ಆ ಅರ್ಧ ಪ್ಲಗ್ಗಿಗೆ ಟೇಬಲ್ ಲ್ಯಾಂಪ್ ಸಿಕ್ಕಿಸಿ ಬಾಗಿಲಿಂದ ಆನ್ ಮಾಡ್ಲಿ ಅಂತ ಹಾಗೆ ಮಾಡಿರ್ತಾರೆ. ಆ ಜೋಡಿ ಸಾಕೆಟ್ಟಿನ ಹಿತ್ತಾಳೆ ಬಣ್ಣದ ಎರಡು ಸ್ಕ್ರೂ ಮಧ್ಯೆ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತೆ, ಮೇಲಿನರ್ಧ ಕೆಳಗಿನರ್ಧ ಸೇರಿಸೋಕೆ. ಹಳೇ ಸಾಕೆಟ್ಟಲ್ಲಿ ಅದನ್ನ ಮುರಿದಿರ್ತಾರೆ, ಕಸದಬುಟ್ಟೀಲಿ ಇನ್ನೂ ಇದ್ರೆ ತೆಗೆದು ನೋಡಿ. ಹೊಸದರಲ್ಲಿ ನೀವು ಮುರಿದಿಲ್ಲ, ಹಾಗಾಗಿ ಯಾವಾಗ್ಲೂ ಆನ್ ಇರೋ ವೈರು ಎರಡೂ ಅರ್ಧಕ್ಕೆ ಕರೆಂಟ್ ಕೊಡ್ತಿದೆ. ಹಿತ್ತಾಳೆ ಕಡೆಯ ನಾಲಿಗೆ ಮಾತ್ರ ಮುರೀಬೇಕು, ಬೆಳ್ಳಿ ಬಣ್ಣದ ಸ್ಕ್ರೂ ಕಡೆಯದು ನ್ಯೂಟ್ರಲ್ಲು, ಹಳೇದರಲ್ಲಿ ಅದು ಹಾಗೇ ಇದ್ರೆ ಇದರಲ್ಲೂ ಹಾಗೇ ಇರಲಿ.

ನನಗೆ ಯೋಚನೆ ಆಗಿದ್ದು ಬೇರೆ ವಿಷಯಕ್ಕೆ. ನಮ್ಮೂರಲ್ಲಿ ಕಪ್ಪು ಅಂದ್ರೆ ನ್ಯೂಟ್ರಲ್ಲು, ಅಲ್ಲಿ ಕಪ್ಪೇ ಫೇಸು, ಬಿಳಿ ನ್ಯೂಟ್ರಲ್ಲು, ಸ್ವಿಚ್ಚಿಂದ ಬರೋದು ಹೆಚ್ಚಾಗಿ ಕೆಂಪು, ಬರಿ ತಾಮ್ರ ಅಥವಾ ಹಸಿರು ಅರ್ಥು. ಇಲ್ಲಿ ಅಪ್ಪನ ಜೊತೆ ಮನೆಯ ಸ್ವಿಚ್ಚು ರಿಪೇರಿ ಮಾಡಿ ಬೆಳೆದ ಕಣ್ಣು ಕಪ್ಪು ವೈರ್ ಕಂಡ ತಕ್ಷಣ ಇದರಲ್ಲಿ ಏನೂ ಇಲ್ಲ ಅಂತ ಅಂದ್ಕೊಳ್ಳುತ್ತೆ. ಇನ್ನೂ ಒಂದಿದೆ, ಹಳೇ ಮನೆಗಳಲ್ಲಿ ಸ್ವಿಚ್ಚಿಗೆ ಹೋಗೋ ಎರಡು ವೈರಲ್ಲಿ ಬಿಳಿದೂ ಫೇಸ್ ಆಗಿರುತ್ತೆ, ಅದರ ತುದಿಗೆ ಕಪ್ಪು ಟೇಪ್ ಸುತ್ತಿರಬೇಕು, ಸುತ್ತಿರದೇ ಇರೋದೂ ಉಂಟು. ಹಾಗಾಗಿ ಬಣ್ಣ ನಂಬಬೇಡಿ, ಬ್ರೇಕರ್ ಆಫ್ ಮಾಡಿ ಮೇಲಿನರ್ಧ ಕೆಳಗಿನರ್ಧ ಎರಡನ್ನೂ ಟೆಸ್ಟ್ ಮಾಡಿ, ಕೆಲವು ಕಡೆ ಎರಡೂ ಬೇರೆ ಬೇರೆ ಬ್ರೇಕರಿಂದ ಬಂದಿರುತ್ತೆ, ಹಾಗೇನಾದ್ರೂ ಇದ್ರೆ ನಾಲಿಗೆ ಮುರಿಯದೇ ಹಾಕಿರೋದು ಇನ್ನೂ ಅಪಾಯ. 120 ವೋಲ್ಟ್ ತಾನೇ ಅಂತ ಸಲೀಸಾಗಿ ತಗೋಬೇಡಿ. ಆ ಸ್ವಿಚ್ಚಿನ ಜಾಗಕ್ಕೆ ಡಿಮ್ಮರ್ ಹಾಕೋ ಆಸೆ ಇದ್ರೆ ಬೇಡ, ಪ್ಲಗ್ಗಿಗೆ ಯಾರು ಏನು ಸಿಕ್ಕಿಸ್ತಾರೋ ಗೊತ್ತಿಲ್ಲ, ಡಿಮ್ಮರಲ್ಲಿ ವ್ಯಾಕ್ಯೂಮ್ ಕ್ಲೀನರ್ ಓಡಿಸಿದ್ರೆ ಎರಡೂ ಹಾಳು. ಬಾಡಿಗೆ ಮನೆ ಆದ್ರೆ ಮಾಲೀಕರಿಗೆ ಹೇಳಿ ಅವರ ಎಲೆಕ್ಟ್ರೀಷಿಯನ್ ಕೈಲಿ ಮಾಡಿಸೋದೇ ಸರಿ.

ಪ್ರಶ್ನೆ: ಮಗನಿಗೆ ಒಂದೂವರೆ ವರ್ಷ, ತೆವಳ್ಕೊಂಡು ಹೋಗಿ ಪ್ಲಗ್ ತೂತಿಗೆ ಕೈ ಹಾಕ್ತಾನೆ. ಸ್ವಿಚ್ ಆಫ್ ಇದ್ರೆ ಸಾಕಲ್ವಾ?
ತಾಯಿ, ತುಮಕೂರು

ಉತ್ತರ: ಸಾಕಾಗಲ್ಲ ತಂಗಿ, ಮೇಲೆ ಹಾಸನದವರ ಪತ್ರ ಓದಿ, ಅಂಥ ಬೋರ್ಡ್ ನಿಮ್ಮದೂ ಆಗಿರಬಹುದು, ಮತ್ತೆ ಸ್ವಿಚ್ ಒತ್ತೋದನ್ನ ಮಕ್ಕಳು ತೂತಿಗೆ ಕೈ ಹಾಕೋದಕ್ಕಿಂತ ಬೇಗ ಕಲೀತಾರೆ. ಶಟರ್ ಇರೋ ಸಾಕೆಟ್ ಹಾಕ್ಸಿ. ಕೆಳಗಿನ ಎರಡು ತೂತಿಗೆ ಒಳಗಡೆ ಮುಚ್ಚಳ ಇರುತ್ತೆ, ಪಿನ್ನಿನ ಮೇಲಿನ ಉದ್ದ ಕಡ್ಡಿ ಮೊದಲು ಒಳಗೆ ಹೋಗಿ ಅದನ್ನ ತಳ್ಳಿದ್ರೆ ಮಾತ್ರ ತೆರೆಯುತ್ತೆ, ಮಗು ಹೇರ್‌ಪಿನ್ನೋ ಮೊಳೆನೋ ಕೆಳಗಿನ ತೂತಿಗೆ ಹಾಕಿದ್ರೂ ಒಳಗೆ ಹೋಗಲ್ಲ. ಆದ್ರೆ ಇದನ್ನ ಹಾಳು ಮಾಡೋರು ನಾವೇ ದೊಡ್ಡೋರು, ಎರಡು ಕಡ್ಡಿಯ ಚಾರ್ಜರ್ ಹೋಗ್ತಿಲ್ಲ ಅಂತ ಮೇಲಿನ ತೂತಿಗೆ ಸ್ಕ್ರೂಡ್ರೈವರ್ ತುರುಕಿ ಶಟರ್ ತೆಗೀತೀವಿ, ಸೀರಿಯಲ್ ಸೆಟ್ಟಿನ ಬರೀ ವೈರ್ ತುದಿ ಸಿಕ್ಕಿಸಿ ಬೆಂಕಿಕಡ್ಡಿ ಚುಚ್ಚಿ ನಿಲ್ಲಿಸ್ತೀವಿ. ಮಗು ಅದನ್ನೇ ನೋಡ್ತಾ ಕೂತಿರುತ್ತೆ, ನಾಳೆ ಅದೇ ಥರ ಮಾಡುತ್ತೆ. ಸಾಕೆಟ್ ಬದಲಾಯಿಸೋ ತನಕ ನೆಲಕ್ಕೆ ಹತ್ರ ಇರೋ ಪ್ಲಗ್ಗುಗಳಿಗೆ ಪ್ಲಾಸ್ಟಿಕ್ ಮುಚ್ಚಳ ಸಿಗುತ್ತೆ, ಇವತ್ತೇ ತಂದು ಹಾಕಿ, ಮಗು ಉಗುರಲ್ಲಿ ಎಬ್ಬಿದ್ರೆ ಬರದಷ್ಟು ಬಿಗಿ ಇದ್ಯಾ ಅಂತ ನೀವೇ ಒಂದ್ಸಲ ಎಬ್ಬಿ ನೋಡಿ.